ಕೊಕ್ಕು ಬಲಕ್ಕಿದ್ದ ಬಾಣಲೆ

ಮೌನಿ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದಳು.

ಠಣ್ ಎಂದ ಬಾಣಲೆ ಸುಮ್ಮನಾಗಲಿಲ್ಲ. ಒಂದು, ಎರಡು, ಮೂರು... ಅವಳು ಮನಸ್ಸಿನಲ್ಲೇ ಎಣಿಸಿದಳು. ಐದಕ್ಕೆ ಬಂದಾಗ ಎಣಿಕೆ ನಿಂತಿತು. ನಾದ ಮಾತ್ರ ಎಳೆಯಾಗಿ ಇನ್ನೂ ಉಳಿದಿತ್ತು.

ಬೀಡು ಕಬ್ಬಿಣದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಹುಟ್ಟಿದಲ್ಲೇ ಸಾಯುತ್ತದೆ. ಗಟ್ಟಿ ಪಾತ್ರೆ ಮೂರು ಎಣಿಸುವವರೆಗೆ ಹಾಡುತ್ತದೆ. ಐದರಾಚೆಗೂ ಹಾಡುವ ಬಾಣಲೆಯನ್ನು ಮೌನಿ ತನ್ನ ಇಪ್ಪತ್ಮೂರು ವರ್ಷಗಳಲ್ಲಿ ಒಂದೇ ಒಂದು ಕಂಡಿದ್ದಳು.

ಅದು ಅಕ್ಕನದು.

ಅಕ್ಕ ಕಾಣೆಯಾಗಿ ಏಳು ತಿಂಗಳು. 'ಬಟ್ಟೆಬರೆ, ಬಾಣಲೆ ತಗೊಂಡು ತಾನಾಗೇ ಮನೆ ಬಿಟ್ಟು ಹೋದಳು' ಎಂದು ಭಾವ ಠಾಣೆಯಲ್ಲಿ ಬರೆಸಿದ ಮಾತಿನ ಮೇಲೆಯೇ ಕಡತ ಮುಚ್ಚಿಹೋಗಿತ್ತು. ಮೌನಿ ನಂಬಿರಲಿಲ್ಲ. ತನಗೊಂದು ಮಾತು ಹೇಳದೆ ಅಕ್ಕ ಹೋಗುವವಳಲ್ಲ. ಹೇಳದೆ ಹೋಗಿದ್ದಾಳೆಂದರೆ ಹೇಳುವ ಬಾಯಿಯೇ ಉಳಿದಿಲ್ಲವೆಂದು ಅವಳು ತೀರ್ಮಾನಿಸಿಕೊಂಡಿದ್ದಳು.

"ಇದು ಎಲ್ಲಿ ಸಿಕ್ತು?"

ಗುಜರಿಯವನು ಟೀ ಲೋಟದಿಂದ ಬಾಯಿ ತೆಗೆದ. ಅವನು ತಂದ ಮೂಟೆ ಅಂಗಡಿಯ ನೆಲದ ಮೇಲೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. "ಅಯ್ಯೋ, ಮೌನಿ ಮಾತಾಡಿದಳು! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನಪ್ಪ?"

"ಎಲ್ಲಿ ಸಿಕ್ತು ಅಂದೆ."

"ಹಳೇ ಹತ್ತಿ ಗಿರಣಿ ಇದೆಯಲ್ಲ, ಅದರ ಹಿಂದೆ ಚರಂಡಿ ಪಕ್ಕ. ಯಾರೂ ಕೊಟ್ಟಿದ್ದಲ್ಲ, ಬಿದ್ದಿತ್ತು. ಬೆಳಿಗ್ಗೆ ಬೆಳಿಗ್ಗೆ ಅದೃಷ್ಟ ಕಾಲಿಗೆ ತಗಲಿತು. ನಿಜವಾಗ್ಲೂ ತಗಲಿತು ಕಣೇ, ನೋಡು, ಉಗುರು ಹೆಂಗೆ ಕಪ್ಪಾಗಿದೆ."

ಮೌನಿ ಅವನ ಉಗುರನ್ನು ನೋಡಲಿಲ್ಲ. ಅವನು ಲೋಟವಿಟ್ಟು, "ಉಳಿದ ದುಡ್ಡಿಗೆ ನಾಳೆ ಬರ್ತೀನಿ, ಅಜ್ಜಿಗೆ ಹೇಳು. ಕೂಗಿ ಹೇಳು, ಮತ್ತೆ!" ಎಂದು ನಗುತ್ತ ಹೊರಟುಹೋದ.

ಅಂಗಡಿಯ ಒಡತಿಯನ್ನು ಊರೆಲ್ಲ ಕಬ್ಬಿಣದಜ್ಜಿ ಎಂದೇ ಕರೆಯುತ್ತಿತ್ತು. ಹರೆಯದಲ್ಲಿ ಎರಕದ ಮನೆಯಲ್ಲಿ ದುಡಿದವಳು. ಅಲ್ಲಿಯ ಗದ್ದಲ ಅವಳ ಕಿವಿಗಳನ್ನು ತಿಂದಿತ್ತು, ಒಡೆದ ಅಚ್ಚೊಂದು ಬಲಗೈ ಹೆಬ್ಬೆರಳನ್ನು ಓರೆಯಾಗಿ ಸೀಳಿತ್ತು. "ಎಲ್ಲರಿಗೂ ಹತ್ತು ಬೆರಳು, ನನಗೆ ಹನ್ನೊಂದು" ಎಂದು ಆ ಸೀಳನ್ನು ತೋರಿಸಿ ಗಿರಾಕಿಗಳನ್ನು ನಗಿಸುತ್ತಿದ್ದಳು. ಕೈ ಸವರಿದರೆ ಸಾಕು, ಹಳೆಯ ಪಾತ್ರೆಯ ಪೂರ್ವಾಪರ ಹೇಳುತ್ತಿದ್ದಳು. ನಾದ ಕೇಳುವ ಕೆಲಸವೊಂದು ಮಾತ್ರ ಮೌನಿಯದು. ಶಾಲೆ ಬಿಟ್ಟ ವರ್ಷದಿಂದ ಅವಳು ಅಜ್ಜಿಯ ಕಿವಿ.

ಈಗ ಅಜ್ಜಿ ಹಿಂದಿನ ಕೋಣೆಯಲ್ಲಿ ಒಲೆಯ ಮುಂದೆ ಕೂತು ಕಾವಲಿಯೊಂದಕ್ಕೆ ಎಣ್ಣೆ ಸವರಿ ಕಾಯಿಸಿ ಪಳಗಿಸುತ್ತಿದ್ದಳು. ಬೆಂದ ಎಣ್ಣೆಯ ವಾಸನೆ ಮುಂಗಟ್ಟಿನವರೆಗೂ ಬರುತ್ತಿತ್ತು.

ಮೌನಿ ಬಾಣಲೆಯನ್ನು ಕಿಟಕಿಯ ಬೆಳಕಿಗೆ ಒಯ್ದಳು.  ಕೈಗೆ ತನ್ನ ಕೆಲಸ ಗೊತ್ತಿತ್ತು.

ಅಂಚಿನಲ್ಲಿ ಕಿತ್ತಳೆ ಬಣ್ಣದ ತುಕ್ಕು. ಬಟ್ಟೆಯಲ್ಲಿ ಒರೆಸಿದೊಡನೆ ಹೋಯಿತು. ತಿಂಗಳುಗಟ್ಟಲೆ ಹೊರಗೆ ಬಿದ್ದದ್ದಾದರೆ ತುಕ್ಕು ಕಬ್ಬಿಣವನ್ನು ಕೊರೆದು ಒಳಗಿಳಿಯುತ್ತದೆ, ಇದು ಒಂದೇ ರಾತ್ರಿಯ ಇಬ್ಬನಿಯದು. ಹೊಟ್ಟೆಯ ಭಾಗ ಕನ್ನಡಿಯಂತೆ ಕಪ್ಪಗೆ ಹೊಳೆಯುತ್ತಿತ್ತು. ಬಳಸದೆ ಇಟ್ಟ ಬಾಣಲೆಯ ಎಣ್ಣೆ ಅಂಟಂಟಾಗಿ ಕಮಟು ಹಿಡಿಯುತ್ತದೆ. ಇದರಲ್ಲಿ ಅಂಟಿರಲಿಲ್ಲ. ಮೂಗು ಹತ್ತಿರ ಒಯ್ದಳು.

ಈರುಳ್ಳಿ.

ಯಾರೋ ನಿನ್ನೆ ಇದರಲ್ಲಿ ಈರುಳ್ಳಿ ಹುರಿದಿದ್ದರು.

 ಅದೇ ಗಳಿಗೆಗೆ ಗೋಡೆಯ ಹಲಗೆಯ ಮೇಲಿಂದ 'ಟಿಣ್' ಎಂಬ ಸದ್ದು ಬಂತು. ಬೆಳಿಗ್ಗೆ ಪಳಗಿಸಿದ ಪಾತ್ರೆಗಳು ಆರುವಾಗ ಹಾಗೆ ಸಣ್ಣಗೆ ಸದ್ದು ಮಾಡುತ್ತವೆ. ಅದು ಅವಳಿಗೆ ಗೊತ್ತು. ಆದರೂ ಏಳು ತಿಂಗಳಿಂದ ಆ ಸದ್ದು ಬಂದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದಳು. ಅಕ್ಕ ಅಡುಗೆ ಆಯಿತೆಂದು ಕರೆಯುವಾಗ ಬಾಣಲೆಯ ಅಂಚಿಗೆ ಹೀಗೇ ಒಮ್ಮೆ ತಟ್ಟುತ್ತಿದ್ದಳು. ಇವತ್ತೂ ಮೌನಿ ನೋಡಿದಳು. ಹಲಗೆಯ ಮೇಲೆ ಪಾತ್ರೆಗಳು ಬೋರಲಾಗಿ ಮಲಗಿದ್ದವು, ಅಷ್ಟೆ.

ಹಿಡಿಕೆಯ ಅಡಿಗೆ ಏನೋ ಅಂಟಿಕೊಂಡಿತ್ತು. ಬಿಳಿಚಿಕೊಂಡು, ಅಂಚು ಸುರುಳಿಯಾಗಿ, ಒಣಗಿದ ಹಾಲಿನ ಕೆನೆಯಂತೆ ಇತ್ತು. ಮರದ ಚಕ್ಕೆಯಿಂದ ಎಬ್ಬಿದಳು. ಅದು ಎದ್ದು, ಪಾತ್ರೆ ಉಜ್ಜಲು ಇಟ್ಟಿದ್ದ ಕಲ್ಲುಪ್ಪಿನ ತಟ್ಟೆಯೊಳಗೆ ಬಿತ್ತು.

ಇನ್ನು ಉಳಿದಿದ್ದು ಒಂದೇ. ಹಿಡಿಕೆಯ ಬುಡ.

ಅವರ ಮನೆಯಲ್ಲೊಂದು ರೂಢಿಯಿತ್ತು. ಬಾಣಲೆಗೆ ಎಣ್ಣೆ ಸವರಿ ಪಳಗಿಸಲು ಒಲೆಗೇರಿಸುವ ಮುಂಚೆ, ಆ ಒಲೆಯ ಮೇಲೆ ಬೇಯಿಸಿಕೊಂಡು ಉಣ್ಣುವ ಹೆಂಗಸರೆಲ್ಲ ಹಿಡಿಕೆಯ ಬುಡದ ಅಡಿಯಲ್ಲಿ ಹೆಬ್ಬೆರಳು ಒತ್ತಬೇಕು. ಎಣ್ಣೆ ಬೆಂದು ಗಟ್ಟಿಯಾದಾಗ ಗುರುತು ಅಲ್ಲೇ ಉಳಿಯುತ್ತದೆ. ಅಮ್ಮನದು, ಅಕ್ಕನದು, ಮೌನಿಯದು. ಅಮ್ಮ ತೀರಿಕೊಂಡ ಮೇಲೆ ಅಕ್ಕ ಆ ಮೂರು ಗುರುತುಗಳನ್ನು ಬಿಟ್ಟು ಸುತ್ತಲೂ ಎಣ್ಣೆ ಸವರುತ್ತಿದ್ದಳು, ನಿದ್ದೆ ಮಾಡುವ ಮಕ್ಕಳ ಸುತ್ತ ಕಸ ಗುಡಿಸುವ ಹಾಗೆ.

ಮೌನಿ ಬಾಣಲೆಯನ್ನು ಮಗುಚಬೇಕು, ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

"ಏನಮ್ಮಾ, ಚೆನ್ನಾಗಿದೀಯಾ?"

ಭಾವನ ದನಿ. ಹೊಲಿಗೆ ಯಂತ್ರ ರಿಪೇರಿ ಮಾಡುವ ಅವನ ಮಾತು ಎಣ್ಣೆ ಹಾಕಿದ ಹಾಗೆ, ಎಲ್ಲೂ ಕಿರುಗುಟ್ಟುವುದಿಲ್ಲ.

ಅವಳು ಯೋಚಿಸಲಿಲ್ಲ. ಪಕ್ಕದಲ್ಲೇ ಒಡಕು ಪಾತ್ರೆಗಳ ರಾಶಿಯಿತ್ತು. ಬಾಣಲೆಯನ್ನು ಅದರ ಮೇಲೆ ಬೋರಲು ಹಾಕಿ ತಿರುಗಿ ನಿಂತಳು. 

"ಬನ್ನಿ ಭಾವ."

"ಒಂದು ಬಾಣಲೆ ಬೇಕಿತ್ತು. ಬೀಡಿಂದು. ಹೊಸದಾದ್ರೂ ಸರಿ, ಹಳೇದಾದ್ರೂ ಸರಿ. ನೀನೇ ನೋಡಿ ಒಳ್ಳೇದು ಕೊಡು."

ಅವನ ಬಲಗೈಗೆ ಬಿಳಿ ಪಟ್ಟಿ ಸುತ್ತಿತ್ತು. ಅಂಗೈಯನ್ನೂ ಬೆರಳುಗಳ ಒಳಬದಿಯನ್ನೂ ಮುಚ್ಚುವಂತೆ.

"ಕೈಗೇನಾಯ್ತು?"

"ಇಸ್ತ್ರಿಪೆಟ್ಟಿಗೆ ತಾಗಿತು. ಹೆಂಡತಿ ಇಲ್ಲದ ಮನೆ ನೋಡು, ಎಲ್ಲ ನಾನೇ ಮಾಡ್ಕೋಬೇಕು."

ಅವನು ನಕ್ಕ. ಆ ನಗುವನ್ನು ಕಂಡರೆ ಅಕ್ಕ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ಒಮ್ಮೆ ಅವಳ ರವಿಕೆಯ ತೋಳಿನ ಕೆಳಗೆ ನೀಲಿಗಟ್ಟಿದ ಬೆರಳ ಗುರುತುಗಳನ್ನು ಮೌನಿ ನೋಡಿದ್ದಳು. ಕೇಳಿದ್ದಕ್ಕೆ, "ನೋಡಿದ್ದೆಲ್ಲ ಕೇಳಬಾರದು ಕಣೇ" ಎಂದಿದ್ದಳು ಅಕ್ಕ.

ಮೌನಿ ಹೊಸ ಬಾಣಲೆಯೊಂದನ್ನು ಇಳಿಸಿದಳು. ಮಾತಾಡುತ್ತ ಅವನನ್ನು ಇಲ್ಲೇ ನಿಲ್ಲಿಸಬೇಕು. ಮುಖ ನೋಡಬೇಕು. ಕಬ್ಬಿಣದ ವಿಷಯವಾದರೆ ಅವಳಿಗೆ ಮಾತು ತಡೆಯುತ್ತಿರಲಿಲ್ಲ.

"ಇದು ಹೊಸದು. ಒಳಗೆ ಕೈಯಾಡಿಸಿ ನೋಡಿ, ತರಿತರಿ ಇದೆ. ಅದು ದೋಷ ಅಲ್ಲ, ಈಗಿನವರು ಉಜ್ಜಿ ನುಣುಪು ಮಾಡಲ್ಲ ಅಷ್ಟೆ. ಗೋಡೆ ಎಲ್ಲಾ ಕಡೆ ಒಂದೇ ದಪ್ಪ ಇರಬೇಕು. ಒಂದು ಕಡೆ ತೆಳ್ಳಗಿದ್ರೆ ಅಲ್ಲೇ ಸೀದುಹೋಗುತ್ತೆ. ಪಳಗೋಕೆ ತಿಂಗಳುಗಳು ಬೇಕು."

"ಅಷ್ಟು ತಾಳ್ಮೆ ಯಾರಿಗಿದೆ? ಹಳೇದು ತೋರಿಸು."

ಅವಳು ಹಳೆಯದೊಂದನ್ನು ಮೇಜಿನ ದಪ್ಪ ಗಾಜಿನ ಮೇಲಿಟ್ಟು ಬೆರಳಿಂದ ತಳ್ಳಿದಳು. ಅದು ಬುಗುರಿಯಂತೆ ಸುತ್ತಿತು. "ತಳ ಉಬ್ಬಿದೆ. ಅಲುಗಾಡುತ್ತೆ, ಎಣ್ಣೆ ಎಲ್ಲ ಒಂದು ಬದಿಗೆ ಓಡುತ್ತೆ. ಇನ್ನೊಂದು ನೋಡಿ, ಇದು ಕೆಂಪು ಬೂದಿ ಬಣ್ಣ. ಯಾರೋ ಹಳೇ ಜಿಡ್ಡು ಹೋಗಲಿ ಅಂತ ಬೆಂಕಿಗೆ ಹಾಕಿದಾರೆ. ಇನ್ನು ಇದಕ್ಕೆ ಎಣ್ಣೆ ಹಿಡಿಯಲ್ಲ, ಎಷ್ಟು ಸಲ ಸವರಿದ್ರೂ ಸಿಪ್ಪೆ ಏಳುತ್ತೆ."

"ಅಬ್ಬಾ, ಇಷ್ಟೊಂದು ಮಾತು ಯಾವಾಗ ಕಲಿತೆ?"

ಅವನ ಕಣ್ಣು ಅವಳು ತೋರಿಸಿದ್ದರ ಮೇಲೆ ಇರಲೇ ಇಲ್ಲ. ಹಲಗೆಯಿಂದ ಹಲಗೆಗೆ, ಗೂಟದಿಂದ ಗೂಟಕ್ಕೆ ಹರಿಯುತ್ತಿತ್ತು. ಮೌನಿ ಅಂಗಡಿಯಲ್ಲಿದ್ದುದರಲ್ಲೇ ಉತ್ತಮವಾದ ಬಾಣಲೆಯನ್ನು ಕೆಳಗಿಳಿಸಿ ಅವನ ಮುಂದಿಟ್ಟಳು. ಹಗುರ, ನುಣುಪು, ಗಾಜಿನ ಮೇಲೆ ಕದಲದೆ ಕೂರುವಂಥದ್ದು. ಅವನು ಎತ್ತಿಯೂ ನೋಡಲಿಲ್ಲ.

"ಇದು ಬೇಡ. ಎಣ್ಣೆ ಬಗ್ಗಿಸೋ ಕೊಕ್ಕು ಎಡಕ್ಕಿದೆ."

ಮೌನಿಯ ಕೈ ಗಾಜಿನ ಮೇಲೆಯೇ ನಿಂತಿತು.

"ಎಲ್ಲದಕ್ಕೂ ಎಡಕ್ಕೇ ಇರೋದು, ಭಾವ. ಇಲ್ಲಾಂದ್ರೆ ಎರಡೂ ಕಡೆ ಇರುತ್ತೆ."

"ನನಗೆ ಒಂದೇ ಕಡೆ ಬೇಕು. ಹಿಡಿಕೆ ನಮ್ಮ ಕಡೆ ತಿರುಗಿಸಿಕೊಂಡರೆ ಕೊಕ್ಕು ಬಲಕ್ಕೆ ಇರಬೇಕು. ಅಂಥದ್ದು ಇವತ್ತು ಏನಾದ್ರೂ ಬಂತಾ?"

"ಯಾರಿಗೆ?"

"ಅಮ್ಮನಿಗೆ."

"ನಿಮ್ಮಮ್ಮ ಬಲಗೈಯವರು. ಬಲಕ್ಕೆ ಕೊಕ್ಕಿದ್ರೆ ಬಗ್ಗಿಸೋಕೆ ಅವರು ಮಣಿಕಟ್ಟು ತಿರುಚಬೇಕಾಗುತ್ತೆ. ಅದು ಎಡಚರಿಗೆ ಮಾಡೋದು."

ಮಾತು ಬಾಯಿಂದ ಜಾರಿದ ಮೇಲೆ ಅವಳಿಗೆ ತಿಳಿಯಿತು, ಹೇಳಬಾರದಾಗಿತ್ತು. ಎಡಚಿಯಾಗಿದ್ದ ಅಮ್ಮ ಎರಕದ ಮನೆಗೆ ಹೋಗಿ ಹೇಳಿ ಎರೆಸಿದ ಬಾಣಲೆ ಅದು. ಎಡಚಿಯಾದ ದೊಡ್ಡ ಮಗಳಿಗೆ ಕೊಟ್ಟದ್ದು. ಅಂಥದ್ದು ಇನ್ನೊಂದಿಲ್ಲ. ಭಾವ ಬಾಣಲೆ ಕೊಳ್ಳಲು ಬಂದಿರಲಿಲ್ಲ, ಆ ಬಾಣಲೆಯನ್ನು ಹುಡುಕಿಕೊಂಡು ಬಂದಿದ್ದ. ಅಕ್ಕ ಒಯ್ದಳೆಂದು ಏಳು ತಿಂಗಳ ಹಿಂದೆ ತಾನೇ ಬರೆಸಿದ್ದನ್ನು ಇವತ್ತು, ಅದು ಗುಜರಿಗೆ ಬಿದ್ದ ದಿನವೇ ಹುಡುಕುತ್ತಿದ್ದ.

ಭಾವ ಅವಳ ಮುಖವನ್ನೇ ನೋಡಿದ. ಆಮೇಲೆ ನಿಧಾನವಾಗಿ, ಅವಳು ಯಾವ ಕಡೆಗೆ ನೋಡದಿರಲು ಕಷ್ಟಪಡುತ್ತಿದ್ದಳೋ ಆ ಕಡೆಗೆ ತಿರುಗಿದ.

"ಆ ರಾಶಿ ಏನು?"

"ಒಡಕು. ಎರಕದ ಮನೆಗೆ ವಾಪಸ್ ಹೋಗೋದು."

ಅವನು ಎಡಗೈಯಿಂದ ಮೇಲಿನದನ್ನು ಎತ್ತಿದ. ಹಿಡಿಕೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಕೊಕ್ಕು ಬಲಕ್ಕಿತ್ತು.

"ಇದೇ." ದನಿ ಈಗ ಕಿರುಗುಟ್ಟಿತು. "ನನ್ನಿಂದ ಯಾಕೆ ಮುಚ್ಚಿಟ್ಟೆ?"

"ಅದು ಅಕ್ಕಂದು."

"ಹೌದು, ನಿಮ್ಮಕ್ಕಂದು. ಎಲ್ಲೋ ಮಾರಿಕೊಂಡಿದಾಳೆ, ಕೈ ಬದಲಾಗಿ ಇಲ್ಲಿ ಬಂದಿದೆ. ಹೆಂಡತಿ ವಸ್ತು ಗಂಡನಿಗೆ ಸೇರಬೇಕು. ಎಷ್ಟು ಹೇಳು, ಕೊಟ್ಟು ಹೋಗ್ತೀನಿ."

"ಅಕ್ಕ ಎಲ್ಲಿ, ಭಾವ?"

ಮೌನಿ ಅಷ್ಟು ಗಟ್ಟಿಯಾಗಿ ಯಾರನ್ನೂ ಯಾವತ್ತೂ ಏನನ್ನೂ ಕೇಳಿರಲಿಲ್ಲ. ಭಾವ ಒಂದು ಹೆಜ್ಜೆ ಮುಂದಿಟ್ಟ. ಅವಳ ಬೆನ್ನು ಮೇಜಿಗೆ ತಾಗಿತು. ಉಪ್ಪಿನ ತಟ್ಟೆ ಗಾಜಿನ ಮೇಲೆ ಕಿರ್ರೆಂದು ಸರಿಯಿತು.

"ಅದನ್ನ ನೀನು ನನ್ನ ಕೇಳ್ತೀಯಾ?" ಎಂದ ಮೆಲ್ಲಗೆ.

"ಯಾರೇ ಅದು? ಗಿರಾಕಿನಾ?"

ಕಬ್ಬಿಣದಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದಿನ ಕೋಣೆಯಿಂದ ಬಂದಳು. ಭಾವನನ್ನು ನೋಡಿದಳು. ಅವನ ಕೈಯಲ್ಲಿದ್ದ ಬಾಣಲೆಯನ್ನು ನೋಡಿದಳು. ಬಾಗಿಲ ಚೌಕಟ್ಟನ್ನು ಹಿಡಿದು ಅರೆಗಳಿಗೆ ನಿಂತವಳು, ಸರಸರನೆ ಬಂದು ಅವನ ಕೈಯಿಂದ ಬಾಣಲೆಯನ್ನು ಕಿತ್ತುಕೊಂಡಳು.

"ಇದಾ? ಇದು ಬಿರುಕು ಬಿಟ್ಟಿದೆ ಕಣಪ್ಪ."

ಮೌನಿ ಬೆಚ್ಚಿದಳು. ಅಜ್ಜಿ ಆ ಬಾಣಲೆಯನ್ನು ಇವತ್ತು ಮುಟ್ಟಿರಲೇ ಇಲ್ಲ.

"ಪರವಾಗಿಲ್ಲ, ತಗೋತೀನಿ."

"ಆಂ?"

"ಪರವಾಗಿಲ್ಲ, ತಗೋತೀನಿ ಅಂದೆ!"

"ಕಿರುಚಬೇಡ, ನನಗೇನು ಕಿವುಡಾ?" ಅಜ್ಜಿ ಬಾಣಲೆಯನ್ನು ಅವನ ಮೂಗಿನ ಮುಂದೆ ಹಿಡಿದು ಗೆಣ್ಣಿನಿಂದ ಬಡಿದಳು.

ದಪ್. ಸತ್ತ ಸದ್ದು.

"ಕೇಳಿಸ್ತಾ? ನನಗೆ ಕೇಳಲ್ಲ, ನಿನಗೆ ಕೇಳುತ್ತಲ್ಲ. ಬಿರುಕಿದ್ದನ್ನ ನಾನು ಮಾರಲ್ಲ. ನಲವತ್ತು ವರ್ಷದಿಂದ ಮಾರಿಲ್ಲ. ಒಲೆ ಮೇಲೆ ಎರಡು ಹೋಳಾಗಿ ಕಾದ ಎಣ್ಣೆ ನಿನ್ನ ಕಾಲ ಮೇಲೆ ಬಿದ್ರೆ ಊರೆಲ್ಲ ಬೈಯೋದು ನನ್ನ. ಒಂದು ಕೈ ಆಗಲೇ ಕಟ್ಟಿಕೊಂಡಿದೀಯ, ಕಾಲೂ ಬೇಕಾ?"

ಬೀದಿಯಲ್ಲಿ ಇಬ್ಬರು ಹೆಂಗಸರು ಅಜ್ಜಿಯ ದೊಡ್ಡ ಗಂಟಲಿಗೆ ನಿಂತು ಒಳಗೆ ಇಣುಕಿದರು. ಭಾವ ಅವರನ್ನು ನೋಡಿದ. ಅಜ್ಜಿಯನ್ನು ನೋಡಿದ. ಮುಖಕ್ಕೆ ಮತ್ತೆ ಎಣ್ಣೆ ಹಾಕಿಕೊಂಡು ನಕ್ಕ.

"ಸರಿ ಅಜ್ಜಿ. ಎರಕದ ಮನೆಗೆ ಹಾಕೋವಾಗ ನನಗೊಂದು ಮಾತು ಹೇಳಿ. ನೆನಪಿಗೆ ಇಟ್ಕೋತೀನಿ." ಮೌನಿಗೆ ಮಾತ್ರ ಕೇಳುವಂತೆ, "ನಾಳೆ ಬರ್ತೀನಿ. ನೀನೊಬ್ಬಳೇ ಇರೋವಾಗ" ಎಂದ.

ಅವನು ಮೆಟ್ಟಿಲಿಳಿದ. ಅವನ ಮನೆ ಎಡಕ್ಕೆ. ಅವನು ಬಲಕ್ಕೆ ತಿರುಗಿದ್ದನ್ನು ಮೌನಿ ನೋಡಿದಳು. ಆ ಕಡೆಗೆ ಇರುವುದು ಹಳೆಯ ಹತ್ತಿ ಗಿರಣಿಯೊಂದೇ.

 ಒಳಗೆ ಒಲೆಯ ಮೇಲಿದ್ದ ಕಾವಲಿ ಸಣ್ಣಗೆ ಹೊಗೆಯಾಡುತ್ತಿತ್ತು.

ಅಜ್ಜಿ ಸುಳ್ಳು ಹೇಳಿದ್ದಳು. ಕಬ್ಬಿಣದ ಬಗ್ಗೆ ಒಂದು ಸುಳ್ಳನ್ನೂ ಹೇಳದವಳು. ಹೇಗೆ ಹೇಳಿದಳೆಂಬುದು ಮೌನಿಗೆ ಕಂಡಿತ್ತು. ಹಾಡುವ ಪಾತ್ರೆಯನ್ನು ಮೂಕ ಮಾಡುವುದು ಸುಲಭ. ತಟ್ಟುವಾಗ ಹಿಡಿಕೆಯ ಬುಡವನ್ನು ಅಡಿಯಿಂದ ಹೆಬ್ಬೆರಳಲ್ಲಿ ಅದುಮಿ ಹಿಡಿದರೆ ಸಾಕು, ನಾದ ಅಲ್ಲೇ ಉಸಿರುಗಟ್ಟುತ್ತದೆ. ಅಜ್ಜಿಯ ಹೆಬ್ಬೆರಳು ಇನ್ನೂ ಅಲ್ಲೇ ಇತ್ತು.

ಮೌನಿ ಬಾಣಲೆಗೆ ಕೈ ಚಾಚಿದಳು. ಅಜ್ಜಿ ಬಿಡಲಿಲ್ಲ. ಮೌನಿ ಎಳೆದಳು. ಬಂತು.

ಮಗುಚಿ ಬೆಳಕಿಗೆ ಹಿಡಿದಳು.

ಅಮ್ಮನದು, ಅಗಲವಾಗಿ, ಮಸುಕಾಗಿ. ಅದರ ಪಕ್ಕ ಅಕ್ಕನದು. ಕೆಳಗೆ ತನ್ನದೇ, ಏಳು ವರ್ಷದವಳಿದ್ದಾಗ ಒತ್ತಿದ್ದು, ಕಡಲೆಕಾಳಿನಷ್ಟು. ಯಾರೂ ಉಜ್ಜಿರಲಿಲ್ಲ. ಸುತ್ತಲೂ ಎಣ್ಣೆಯನ್ನು ಎಚ್ಚರದಿಂದ ಸವರಲಾಗಿತ್ತು.

ಮೂರರ ಬಲಕ್ಕೆ ನಾಲ್ಕನೆಯದೊಂದು ಇತ್ತು.

ಹೊಸದು. ಗೆರೆಗಳು ಇನ್ನೂ ಹರಿತವಾಗಿ ಎದ್ದು ಕಾಣುತ್ತಿದ್ದವು. ಅವುಗಳ ನಡುವೆ, ಮೂಲೆಯಿಂದ ಮೂಲೆಗೆ, ಓರೆಯಾಗಿ ಒಂದು ಸೀಳು.

ಆ ಒಲೆಯ ಮೇಲೆ ಬೇಯಿಸಿಕೊಂಡು ಉಂಡವರು ಮಾತ್ರ ಹೆಬ್ಬೆರಳು ಒತ್ತಬೇಕು.

ಮೌನಿ ತಲೆಯೆತ್ತಿದಳು. ಕಬ್ಬಿಣದಜ್ಜಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದಳು.

"ಅಕ್ಕ ಇದಾಳಾ?" ದನಿ ಹೊರಡಲಿಲ್ಲ, ತುಟಿಯಷ್ಟೇ ಆಡಿತು. ಅಜ್ಜಿಗೆ ತುಟಿಯೇ ಸಾಕಾಗಿತ್ತು.

"ನಿನಗೆ ಹೇಳಬಾರದು ಅಂತ ಅವಳೇ ಆಣೆ ಹಾಕಿಸಿದಳು. ನಿನ್ನ ಮುಖ ನೋಡಿದ್ರೆ ಅವನಿಗೆ ಗೊತ್ತಾಗಿಬಿಡುತ್ತೆ ಅಂತ. ಗಿರಣಿ ಹಿಂದೆ ನನ್ನದೊಂದು ಹಳೇ ಉಗ್ರಾಣದ ಕೋಣೆ ಇದೆ. ಏಳು ತಿಂಗಳು ಒಬ್ಬರ ಕಣ್ಣಿಗೂ ಬಿದ್ದಿಲ್ಲ ಅವಳು." ಅಜ್ಜಿ ಬಾಣಲೆಯತ್ತ ಬೆರಳು ತೋರಿಸಿದಳು. "ಮೌನಿ, ಇದು ಇಲ್ಲಿಗೆ ಹೇಗೆ ಬಂತು? ನಿನ್ನೆ ಸಂಜೆ ನಾನು ಅಲ್ಲಿಂದ ಬರೋವಾಗ ಇದು ಅವಳ ಒಲೆ ಮೇಲಿತ್ತು. ಈರುಳ್ಳಿ ಹಾಕಿದ್ದಳು."

ಮೌನಿಯ ಕಣ್ಣು ಭಾವ ಹೋದ ದಾರಿಯತ್ತ ಹೊರಳಿತು.

"ಅವನ ಕೈಗೆ ಏನಾಗಿದೆ?" ಅಜ್ಜಿ ಕೇಳಿದಳು. "ನಿನಗೇನಾದ್ರೂ ಹೇಳಿರಬೇಕು. ನಾನು ಒಳಗಿದ್ದೆ. ಏನು ಅಂದ?"

ಬೀಡಿನ ಬಾಣಲೆಯಲ್ಲಿ ಹಿಡಿಕೆಯೂ ಹೊಟ್ಟೆಯಷ್ಟೇ ಕಾಯುತ್ತದೆ. ಅದರಲ್ಲಿ ಅಡುಗೆ ಮಾಡುವವರು ಬಟ್ಟೆಯಿಲ್ಲದೆ ಹಿಡಿಕೆಗೆ ಕೈ ಹಾಕುವುದಿಲ್ಲ. ಅಕ್ಕನಂತೂ ನಿದ್ದೆಗಣ್ಣಿನಲ್ಲೂ ಹಾಕುವವಳಲ್ಲ. ಒಲೆಯ ಹತ್ತಿರ ಯಾವತ್ತೂ ನಿಲ್ಲದವನು, ಆತುರದಲ್ಲಿ, ಒಲೆಯ ಮೇಲಿದ್ದದ್ದನ್ನು ಬರಿಗೈಯಲ್ಲಿ ಎತ್ತಿದರೆ ಮಾತ್ರ...

ಯಾತಕ್ಕೆ ಎತ್ತಿದ? ಆ ಪ್ರಶ್ನೆಯ ಅಂಚಿಗೆ ಹೋಗಿ ಮೌನಿಯ ಮನಸ್ಸು ಹಿಂದೆ ಸರಿಯಿತು.

ಅವಳು ಮೇಜಿನ ಮೇಲಿದ್ದ ಉಪ್ಪಿನ ತಟ್ಟೆಯನ್ನು ಅಜ್ಜಿಯ ಕಡೆಗೆ ತಳ್ಳಿದಳು. ಬಿಳಿ ಹರಳುಗಳ ನಡುವೆ ಅದು ಬಿದ್ದಿತ್ತು, ಒಣಗಿದ ಕೆನೆಯೆಂದು ತಾನೇ ಎಬ್ಬಿ ಹಾಕಿದ್ದು. ಈಗ ಅದರ ಮೇಲೆ ಅಂಗೈಯ ಗೆರೆಗಳು ಕಾಣುತ್ತಿದ್ದವು.

ಅಜ್ಜಿ ಬಗ್ಗಿ ನೋಡಿದಳು.

ನಲವತ್ತು ವರ್ಷಗಳಲ್ಲಿ ಕಬ್ಬಿಣದಜ್ಜಿ ಉರಿಯುವ ಒಲೆಯ ಮೇಲೆ ಪಾತ್ರೆ ಬಿಟ್ಟು ಅಂಗಡಿಯಿಂದ ಹೊರಗೆ ಕಾಲಿಟ್ಟವಳಲ್ಲ. ಅವಳು ಹೊಗೆಯಾಡುವ ಕಾವಲಿಯ ಕಡೆಗೆ ತಿರುಗಿಯೂ ನೋಡದೆ, ಚಪ್ಪಲಿಯನ್ನೂ ಮೆಟ್ಟದೆ, ಬಲಕ್ಕೆ, ಗಿರಣಿಯ ಕಡೆಗೆ ಓಡಿದಳು. ಬಾಣಲೆಯನ್ನು ಎದೆಗೊತ್ತಿಕೊಂಡು ಮೌನಿಯೂ ಮೆಟ್ಟಿಲಿಳಿದಳು.

ಅಷ್ಟು ಹೊತ್ತಿಗೆ ಬೀದಿಯ ಉದ್ದಕ್ಕೂ ಭಾವ ಎಲ್ಲೂ ಕಾಣಲಿಲ್ಲ.